ಅದಲುಬದಲಾಗದ ಇಬ್ಬರು

2025ರಲ್ಲಿ ಬಂದ ‘ಫ್ರೀಕಿಯರ್ ಫ್ರೈಡೇ’ಯಲ್ಲಿ ನಾಲ್ವರ ಮೈ ಅದಲುಬದಲಾಗುತ್ತದೆ. ಮದುವೆಗೆ ಸಿದ್ಧಳಾದ ಒಂಟಿ ತಾಯಿ ಆನಾ ಮತ್ತು ಅವಳ ಮಗಳು ಹಾರ್ಪರ್ ಒಂದು ಜೋಡಿ. ಆನಾಳ ತಾಯಿ ಟೆಸ್ ಮತ್ತು ಮದುಮಗ ಎರಿಕ್‌ನ ಮಗಳು ಲಿಲಿ ಇನ್ನೊಂದು. ಲಾಸ್ ಏಂಜಲೀಸ್‌ನ ಮನೆಯೊಂದು ಲಂಡನ್ನಿನಿಂದ ಬಂದ ಮನೆಯೊಂದರ ಜೊತೆ ಕೂಡಬೇಕು. ಶಾಲೆಯಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಹುಡುಗಿಯರು ಅಕ್ಕತಂಗಿಯರಾಗಬೇಕು. ಚಿತ್ರ ನಗಿಸುತ್ತದೆ, ಕೊನೆಯಲ್ಲಿ ಕಣ್ಣೂ ತುಂಬಿಸುತ್ತದೆ. ಆದರೂ ನನಗೆ ತೃಪ್ತಿಯಾಗಲಿಲ್ಲ. ಒಬ್ಬರೊಳಗೆ ಒಬ್ಬರು ಹೊಕ್ಕು ನೋಡಲೇಬೇಕಾಗಿದ್ದವರು ಆನಾ ಮತ್ತು ಲಿಲಿ: ಮಲತಾಯಿಯಾಗಲಿರುವವಳು, ಮಲಮಗಳಾಗಲಿರುವವಳು. ಅವರಿಬ್ಬರನ್ನೇ ನಿರ್ದೇಶಕಿ ನಿಶಾ ಗಣಾತ್ರಾ ಅದಲುಬದಲು ಮಾಡಲಿಲ್ಲ.

ಈ ಹಿಂಜರಿಕೆ ಹಳೆಯದು. 1882ರಲ್ಲಿ ಎಫ್. ಆನ್‌ಸ್ಟಿ ಬರೆದ ‘ವೈಸ್ ವರ್ಸಾ’ದಲ್ಲಿ ಭಾರತದಿಂದ ತಂದ ಗರುಡ ಶಿಲೆಯೊಂದು ತಂದೆಯನ್ನು ಮಗನಾಗಿಸಿ ಬೋರ್ಡಿಂಗ್ ಶಾಲೆಗೆ ಅಟ್ಟುತ್ತದೆ. ಆ ತಂದೆ ವಿಧುರ. ಮನೆಯಲ್ಲಿ ತಾಯಿಯ ಜಾಗ ಖಾಲಿಯಿದ್ದರೂ ಕಥೆ ಅತ್ತ ಸುಳಿಯುವುದಿಲ್ಲ. 1972ರಲ್ಲಿ ಮೇರಿ ರಾಡ್ಜರ್ಸ್ ‘ಫ್ರೀಕಿ ಫ್ರೈಡೇ’ ಬರೆದಾಗ ಆಟ ತಾಯಿ–ಮಗಳ ನಡುವೆ ಬಂತು. 1976ರ ಚಿತ್ರದಲ್ಲಿ ಬಾರ್ಬರಾ ಹ್ಯಾರಿಸ್ ಮತ್ತು ಜೋಡಿ ಫಾಸ್ಟರ್ ಅದನ್ನು ಸೊಗಸಾಗಿ ಆಡಿದರು. ಎಲ್ಲೆಡೆಯೂ ಕರುಳಿನ ನಂಟು ಮೊದಲೇ ಇದೆ. ಮುನಿಸು ಕರಗಿದರೆ ಸಾಕು.

2003ರ ‘ಫ್ರೀಕಿ ಫ್ರೈಡೇ’ ಚಿತ್ರದಲ್ಲಿ ಮಾರ್ಕ್ ವಾಟರ್ಸ್ ಒಂದು ಹೆಜ್ಜೆ ಮುಂದಿಟ್ಟರು. ತಂದೆಯನ್ನು ಕಳೆದುಕೊಂಡ ಹದಿಹರೆಯದ ಆನಾ (ಲಿಂಡ್ಸೆ ಲೋಹನ್), ಮರುಮದುವೆಯಾಗಲಿರುವ ತಾಯಿ ಟೆಸ್ (ಜೇಮಿ ಲೀ ಕರ್ಟಿಸ್). ಮದುವೆಯ ಹಿಂದಿನ ರಾತ್ರಿಯ ಊಟದಲ್ಲಿ ಮದುಮಗಳ ಮೈಯಲ್ಲಿ ಕೂತಿರುವವಳು ಮಗಳು. ಮದುವೆ ಮುಂದೂಡುವಂತೆ ಕೇಳು ಎಂದು ತಾಯಿಯೇ ಅವಳಿಗೆ ಹೇಳಿದ್ದಾಳೆ. ಅವಳು ಎದ್ದು ನಿಂತು, ತಂದೆಯ ಸಾವಿನ ನೋವನ್ನು ಬಚ್ಚಿಡದೆ, ಮದುಮಗ ರಯಾನ್‌ನನ್ನು ಮನೆಯವನೆಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾಳೆ. ಆ ಮಾತು ನಿಜಕ್ಕೂ ಯಾರದ್ದೆಂದು ರಯಾನ್‌ಗೆ ಗೊತ್ತಿಲ್ಲ, ಟೆಸ್‌ಗೆ ಗೊತ್ತು. ಕರ್ಟಿಸ್ ಅಲ್ಲಿ ಹುಡುಗಿಯ ಸಂಕೋಚವನ್ನೂ ವಧುವಿನ ಗಾಂಭೀರ್ಯವನ್ನೂ ಒಂದೇ ಉಸಿರಿನಲ್ಲಿ ನಿಭಾಯಿಸುತ್ತಾರೆ. ಚೀನೀ ರೆಸ್ಟೊರೆಂಟಿನ ಮಾಯಾ ಬಿಸ್ಕತ್ತಿನಂಥ ಸವಕಲು ಪೂರ್ವಗ್ರಹಗಳನ್ನು ಹೊತ್ತ ಚಿತ್ರವನ್ನು ಈ ದೃಶ್ಯವೇ ಎತ್ತಿ ನಿಲ್ಲಿಸುತ್ತದೆ. ಮಲತಂದೆಯಾಗಲಿರುವವನಿಗೆ ಮನೆಯ ಬಾಗಿಲು ತೆರೆದವಳು ಮಗಳು, ಅದೂ ತಾಯಿಯ ಬಾಯಿಂದ.

ಹೊಸ ಚಿತ್ರದಲ್ಲಿ ಪಾತ್ರಗಳು ಹೆಚ್ಚಿ ಧೈರ್ಯ ಕಡಿಮೆಯಾಗಿದೆ. ತಾಯಿಯಿಲ್ಲದ ಲಿಲಿಯ ದುಃಖವನ್ನು ಒಳಗಿನಿಂದ ಕಾಣುವ ಅವಕಾಶ ಮಲ ಅಜ್ಜಿಯಾಗಲಿರುವ ಟೆಸ್‌ಗೆ ಸಿಗುತ್ತದೆ. ಅಜ್ಜಿಯ ಮೊಣಕಾಲು, ಸುಕ್ಕುಗಳ ತಮಾಷೆಗೆ ಅದು ಅನುಕೂಲ. ಆನಾ ತನ್ನ ಮಗಳನ್ನೇ ಇನ್ನಷ್ಟು ಅರಿಯುತ್ತಾಳೆ. ಎರಿಕ್ ಅಂತೂ, ಹಿಂದಿನ ರಯಾನ್‌ನಂತೆ, ಹೊರಗೇ ಉಳಿಯುತ್ತಾನೆ. ಎರಡು ಮನೆ ಕೂಡುವಾಗ ಗಂಡಸಿನ ಪಾಲು ಬರೀ ತಾಳ್ಮೆಯೇ?

ಗಿರೀಶ ಕಾರ್ನಾಡರ ‘ಹಯವದನ’ (1971) ನಾಟಕ ಇಲ್ಲಿ ನೆನಪಾಗದಿರದು. ಇಬ್ಬರು ಗೆಳೆಯರ ತಲೆ ಅದಲುಬದಲಾದ ಮರುಕ್ಷಣವೇ ಪದ್ಮಿನಿ ಯಾರ ಹೆಂಡತಿ ಎಂಬ ತಕರಾರು ಏಳುತ್ತದೆ. ಯಾರಿಗೂ ಮೊದಲಿನ ಬದುಕಿಗೆ ಮರಳುವ ದಾರಿಯಿಲ್ಲ. ಹಾಸ್ಯಚಿತ್ರ ಅಷ್ಟು ದೂರ ಹೋಗಬೇಕಿಲ್ಲ. ಆದರೆ ಆನಾ ಲಿಲಿಯ ಹಾಸಿಗೆಯಲ್ಲಿ ಕಣ್ಣುಬಿಟ್ಟು, ಆ ತಬ್ಬಲಿ ಹುಡುಗಿಯ ಕಿವಿಯಿಂದಲೇ ಎರಿಕ್ ತನ್ನನ್ನು ಹೊಸ ಅಮ್ಮ ಎಂದು ಹೊಗಳುವುದನ್ನು ಕೇಳುವ ದೃಶ್ಯವನ್ನು ಈ ಪರಂಪರೆ ಇನ್ನೂ ಬರೆದಿಲ್ಲ. ಅದನ್ನು ಬರೆಯುವವರಿಗೆ ನಗೆಯೂ ಧಾರಾಳವಾಗಿ ಸಿಕ್ಕೀತು.