ನಾದಿರ್ ಶಾನ ಕಾಯಿಲೆ

ದಿಲ್ಲಿಯನ್ನು ಗೆದ್ದ ದೊರೆ ಕಾಯಿಲೆ ಬಿದ್ದಿದ್ದಾನೆ. ಸುತ್ತಲಿನವರೆಲ್ಲ ಹೊಗಳುತ್ತಾರೆ, ನಿಜ ಹೇಳುವ ಧೈರ್ಯ ಒಬ್ಬರಿಗೂ ಇಲ್ಲ. ಅಂಥ ಕಡೆ ಹಕೀಮ ಅಲಾವಿ ಖಾನ್ ಬರುತ್ತಾನೆ. ಪಿ. ಲಂಕೇಶರ ‘ಗುಣಮುಖ’ ನಾಟಕ ನಿಂತಿರುವುದು ಈ ಇಬ್ಬರ ಮುಖಾಮುಖಿಯ ಮೇಲೆ. ಶಿವಮೊಗ್ಗ ಸಮೀಪದ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶರು 1993ರಲ್ಲಿ ಕೊಟ್ಟ ಈ ನಾಟಕವನ್ನು ಸರ್ವಾಧಿಕಾರಿಯೊಬ್ಬನ ಮನಃಪರಿವರ್ತನೆಯ ಕತೆಯೆಂದಷ್ಟೇ ಓದಿದರೆ ಅದರ ಅರ್ಧ ಶಕ್ತಿ ಕೈತಪ್ಪುತ್ತದೆ. ಜನರ ಬಾಯಿ ಮುಚ್ಚಿಸಿದ ದೊರೆ ಕೊನೆಗೆ ತಾನೇ ಕಿವುಡನಾಗುತ್ತಾನೆ ಎಂಬುದು ಅದರ ತಿರುಳು.

ಪ್ರಚಾರ, ಬೇಹುಗಾರಿಕೆ ಎಂದೊಡನೆ ಓದುಗರಿಗೆ ನೆನಪಾಗುವುದು ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘1984’ ಕಾದಂಬರಿ. ಅಲ್ಲಿ ವಿನ್‌ಸ್ಟನ್ ಸ್ಮಿತ್ ಹಳೆಯ ಪತ್ರಿಕೆಗಳನ್ನು ತಿದ್ದಿ, ಸರ್ಕಾರ ಇಂದು ಹೇಳುವುದಕ್ಕೆ ಹೊಂದುವಂತೆ ನಿನ್ನೆಯನ್ನು ಬದಲಿಸುತ್ತಾನೆ. ಮನೆಯೊಳಗಿನ ಪರದೆ ಅವನನ್ನೇ ನೋಡುತ್ತಿರುತ್ತದೆ. ಆರ್ವೆಲ್ ಕಂಡದ್ದು ತುಳಿಸಿಕೊಂಡವನ ಕಣ್ಣಿನಿಂದ. ಲಂಕೇಶರು ಸಿಂಹಾಸನದ ಪಕ್ಕದಲ್ಲೇ ನಿಂತು ನೋಡಿದರು. ಅದು ಹೆಚ್ಚು ಕಷ್ಟದ ಜಾಗ, ಏಕೆಂದರೆ ಅಲ್ಲಿ ನಿಂತು ನೋಡುವವನಿಗೆ ಕ್ರೂರಿಯ ಮೇಲೂ ಕರುಣೆ ಹುಟ್ಟುವ ಅಪಾಯವಿದೆ. ಲಂಕೇಶರು ಆ ಅಪಾಯಕ್ಕೆ ಹೆದರಲಿಲ್ಲ. ನಾಟಕದ ದೊಡ್ಡಸ್ತಿಕೆ ಇರುವುದು ಇಲ್ಲಿ.

ಇತಿಹಾಸದ ನಾದಿರ್ ಶಾನ ಕತೆಯೂ ಇದಕ್ಕೆ ಪುಷ್ಟಿ ಕೊಡುತ್ತದೆ. 1739ರ ಮಾರ್ಚ್‌ನಲ್ಲಿ ಅವನು ದಿಲ್ಲಿಯಲ್ಲಿದ್ದಾಗ, ದೊರೆ ಸತ್ತನೆಂಬ ಗಾಳಿಸುದ್ದಿ ಹಬ್ಬಿತು. ಜನ ಅವನ ಸೈನಿಕರ ಮೇಲೆ ಬಿದ್ದರು. ಮರುದಿನ ಚಾಂದನಿ ಚೌಕದ ಮಸೀದಿಯಲ್ಲಿ ಕೂತು ಅವನು ಕೊಟ್ಟ ಅಪ್ಪಣೆಗೆ ಸಾವಿರಾರು ಜನ ಬಲಿಯಾದರು. 1742ರಲ್ಲಿ ಬರಿಯ ಸಂಶಯದ ಮೇಲೆ ಹೆತ್ತ ಮಗನ ಕಣ್ಣು ಕೀಳಿಸಿದ. ಚಿಕಿತ್ಸೆ ಕೊಟ್ಟಿದ್ದ ಅಲಾವಿ ಖಾನ್ ಹಜ್‌ಗೆ ಹೊರಟುಹೋದ ಮೇಲೆ ಕಾಯಿಲೆ ಉಲ್ಬಣಿಸಿತು. 1747ರಲ್ಲಿ ಅವನನ್ನು ಕೊಂದವರು ಅವನ ಸ್ವಂತ ಸೇನಾಧಿಕಾರಿಗಳೇ.

ಈ ನಾಟಕ ಬರೆಯುವ ಹೊತ್ತಿಗೆ ಲಂಕೇಶರು ತುರ್ತು ಪರಿಸ್ಥಿತಿಯನ್ನು ಕಂಡಿದ್ದರು. 1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿಯವರ ಘೋಷಣೆ ದೇಶಕ್ಕೆ ಕೇಳಿಸಿದ್ದು ಆಕಾಶವಾಣಿಯಲ್ಲಿ. ರೇಡಿಯೋ ಆಗ ಪೂರ್ತಿ ಸರ್ಕಾರದ್ದು. 1965ರಿಂದ ಮಲೆನಾಡಿನ ಮನೆಮಾತಾಗಿದ್ದ ಭದ್ರಾವತಿ ಕೇಂದ್ರವೂ ಅದೇ ಜಾಲದ ಒಂದು ಕೊಂಡಿ. ಪತ್ರಿಕೆಗಳು ಅಚ್ಚಿಗೆ ಮುಂಚೆ ಸೆನ್ಸಾರ್ ಒಪ್ಪಿಗೆ ಪಡೆಯಬೇಕಿತ್ತು. ಲಂಕೇಶರು ನಾರಣಪ್ಪನಾಗಿ ನಟಿಸಿದ್ದ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಕಾಯಿಲೆಯಿಂದ ಜರ್ಜರಿತರಾದರು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಚುನಾವಣೆಯಲ್ಲಿ ಪ್ರಧಾನಿಯೇ ರಾಯಬರೇಲಿಯಲ್ಲಿ ಸೋತರು. ಹೊಗಳಿಕೆಯನ್ನಷ್ಟೇ ಅಚ್ಚು ಮಾಡಲು ಬಿಟ್ಟವರಿಗೆ ಜನರ ಸಿಟ್ಟು ಓದಲು ಸಿಗಲಿಲ್ಲ. ಕರ್ನಾಟಕದಲ್ಲಿ ಮಾತ್ರ ಕಾಂಗ್ರೆಸ್ 28ರಲ್ಲಿ 26 ಸ್ಥಾನ ಗೆದ್ದಿತು ಎನ್ನುವುದನ್ನೂ ಮರೆಯಬಾರದು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಶಿವಮೊಗ್ಗ ಜಿಲ್ಲೆಯಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತ್ತು. ಅದು ಕೈಗೆ ಸಿಕ್ಕ ನೆಲ. ಪ್ರಚಾರವೊಂದೇ ಗೆಲ್ಲಿಸಿತೆಂದು ಹೇಳಿದರೆ ರೈತನ ವಿವೇಕವನ್ನು ಅವಮಾನಿಸಿದಂತೆ.

ಫೋನ್ ಕದ್ದಾಲಿಕೆಯ ಆರೋಪದಿಂದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು 1988ರಲ್ಲಿ, ‘ಗುಣಮುಖ’ಕ್ಕೆ ಐದು ವರ್ಷ ಮೊದಲು. ಮೌಲ್ಯಾಧಾರಿತ ರಾಜಕಾರಣದ ಮಾತಾಡಿದವರ ಆಳ್ವಿಕೆಗೂ ಈ ಕಾಯಿಲೆ ತಗಲಬಹುದೆಂದು ನಾಡು ಆಗಲೇ ಕಂಡಿತ್ತು.

ಇಷ್ಟಾದರೂ ಇವತ್ತಿನ ಶಿವಮೊಗ್ಗದಲ್ಲಿ ಕೂತು ನಾಟಕ ಓದಿದರೆ ಒಂದು ಕೊರತೆ ಕಾಣುತ್ತದೆ. ಅಲಾವಿ ಖಾನನಿಗೆ ಎದುರು ನಿಂತು ಮಾತಾಡಲು ಒಬ್ಬ ದೊರೆ ಇದ್ದ. ಈಗಿನ ಸುಳ್ಳಿಗೆ ಅಂಥ ಒಂದು ಮುಖವಿಲ್ಲ. 2022ರ ಫೆಬ್ರವರಿಯಲ್ಲಿ, ಹಿಜಾಬ್ ಗಲಾಟೆಯ ನಡುವೆ, ನಗರದ ಸರ್ಕಾರಿ ಕಾಲೇಜಿನ ಧ್ವಜಸ್ತಂಭಕ್ಕೆ ವಿದ್ಯಾರ್ಥಿಗಳು ಕೇಸರಿ ಬಾವುಟ ಹಾರಿಸಿದರು. ಅದು ನಡೆದದ್ದು ನಿಜ. ಆದರೆ ರಾಷ್ಟ್ರಧ್ವಜವನ್ನು ಇಳಿಸಿ ಅದನ್ನು ಏರಿಸಿದರೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ, ರಾಜ್ಯದ ದೊಡ್ಡ ರಾಜಕಾರಣಿಯ ಟ್ವೀಟ್ ಕೂಡ ಆಯಿತು. ಆಗ ಕಂಬದಲ್ಲಿ ರಾಷ್ಟ್ರಧ್ವಜ ಇರಲೇ ಇಲ್ಲವೆಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಸ್ಪಷ್ಟಪಡಿಸಬೇಕಾಯಿತು. ಸುದ್ದಿಯನ್ನು ಮುಂದಕ್ಕೆ ಕಳಿಸಿದವರಲ್ಲಿ ಎರಡೂ ಕಡೆಯ ಸಿಟ್ಟಿನವರಿದ್ದರು, ದೇಶಭಕ್ತಿಯಿಂದ ನೊಂದವರೂ ಇದ್ದರು. ಅದೇ ವರ್ಷದ ಸ್ವಾತಂತ್ರ್ಯ ದಿನದಂದು ಅಮೀರ್ ಅಹ್ಮದ್ ವೃತ್ತದ ಒಂದು ಫ್ಲೆಕ್ಸ್ ಸುತ್ತ ಗಲಭೆಯಾಗಿ, ಶಿವಮೊಗ್ಗ, ಭದ್ರಾವತಿಗಳಲ್ಲಿ ನಿಷೇಧಾಜ್ಞೆ ಬಂತು. ಡಂಗುರ ಈಗ ದೊರೆಯ ಕೈಯಲ್ಲಿ ಮಾತ್ರ ಇಲ್ಲ, ಪ್ರತಿ ಜೇಬಿನಲ್ಲೂ ಇದೆ.

ಇದನ್ನು ತಂದೆಗಿಂತ ಸ್ಪಷ್ಟವಾಗಿ ಗ್ರಹಿಸಿದವರು ಲಂಕೇಶರ ಮಗಳು, ಪತ್ರಕರ್ತೆ ಗೌರಿ ಲಂಕೇಶ್. 2017ರ ಸೆಪ್ಟೆಂಬರ್ 5ರಂದು ಕೊಲೆಯಾಗುವ ಮುನ್ನ ಅವರು ಬರೆದ ಕೊನೆಯ ಸಂಪಾದಕೀಯದ ವಸ್ತುವೇ ಸುಳ್ಳು ಸುದ್ದಿ. ಸುಳ್ಳನ್ನು ಬೈದು ಬಿಡದೆ, ಅದು ಎಲ್ಲಿ ಹುಟ್ಟಿತು, ಹೇಗೆ ಸಾಗಿತು, ಯಾರು ಬಯಲು ಮಾಡಿದರು ಎಂಬುದನ್ನು ಅವರು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದರು. ‘ಗುಣಮುಖ’ದ ಹಕೀಮನಿಗೆ ದಿಟ್ಟತನ ಸಾಕಿತ್ತು. ಈ ಕಾಲಕ್ಕೆ ದಿಟ್ಟತನದ ಜೊತೆ ಇಂಥ ಪತ್ತೇದಾರಿಕೆಯೂ ಬೇಕು.

ಕಣ್ಗಾವಲಿನ ವಿಷಯದಲ್ಲಂತೂ ನಾಟಕ ನಮ್ಮನ್ನು ಅರ್ಧ ದಾರಿಯಲ್ಲಿ ಬಿಡುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಶಿವಮೊಗ್ಗದ ವೃತ್ತಗಳಲ್ಲಿ ಕ್ಯಾಮೆರಾಗಳು ಬಂದಿವೆ. ಗಲಭೆಯ ರಾತ್ರಿ ಅಂಗಡಿ ಕಳೆದುಕೊಂಡವನಿಗೆ ಅವು ಬೇಕು, ಆ ಅಗತ್ಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕೆಂಬ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ. ಆರು ವರ್ಷದ ಬಳಿಕ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯಾದರೋ, ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇಟ್ಟಿತು. ಹಾಗಿರುವಾಗ ಗೋಪಿ ವೃತ್ತದಲ್ಲಿ ಪ್ರತಿಭಟನೆಗೆ ನಿಂತವರ ಮುಖಗಳ ದೃಶ್ಯ ಎಷ್ಟು ದಿನ ಉಳಿಯಬೇಕು, ಯಾರ ಲಿಖಿತ ಅನುಮತಿಯ ಮೇಲೆ ತೆರೆಯಬೇಕು, ಅಳಿಸಿದ್ದನ್ನು ಯಾರು ದೃಢೀಕರಿಸಬೇಕು ಎಂಬ ನಿಯಮಗಳನ್ನು ಮಹಾನಗರ ಪಾಲಿಕೆ ಸಭೆಯಲ್ಲಿ ಬಹಿರಂಗವಾಗಿ ಚರ್ಚಿಸಿ, ಕನ್ನಡದಲ್ಲಿ ಅಚ್ಚು ಹಾಕಿಸಿ, ವಾರ್ಡು ವಾರ್ಡಿಗೂ ಹಂಚಬೇಕು.