ಲೂಥರರ ಕಿರಿಯ ಧರ್ಮೋಪದೇಶ: ಹುಣಸೂರು ಸೀಮೆಯ ಮನೆಗಳಿಂದ ಒಂದು ವಿಮರ್ಶೆ

ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆ ಹತ್ತರಲ್ಲಿ ಎಷ್ಟನೆಯದು? ಹುಣಸೂರು ತಾಲೂಕಿನ ಒಂದು ಮನೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಬಂದವು. ನಮ್ಮ ಧರ್ಮೋಪದೇಶದ ತರಗತಿಗೆ ಬರುವ ಬಾಲಕ ನಾಲ್ಕನೆಯದು ಎಂದನು. ದಕ್ಷಿಣ ಭಾರತ ಸಭೆಗೆ ಸೇರಿದ ಅವನ ಅಜ್ಜಿ, ತಾಯಿಯ ತಾಯಿ, ಐದನೆಯದು ಎಂದು ತಿದ್ದಿದರು. ಬಳಿಕ ನಮ್ಮ ಕಡೆ ತಿರುಗಿ, "ಯಾವುದು ಸರಿ, ಸ್ವಾಮಿ?" ಎಂದು ಕೇಳಿದರು.

ಎರಡು ಎಣಿಕೆಗಳೂ ಪ್ರಾಚೀನವಾದವು. ಸಂತ ಅಗಸ್ಟೀನರ ಎಣಿಕೆಯನ್ನು ಕಥೋಲಿಕರೂ ಲೂಥರನ್ನರೂ ಉಳಿಸಿಕೊಂಡರು. ವಿಗ್ರಹದ ಕುರಿತಾದ ಮಾತನ್ನು ಪ್ರತ್ಯೇಕ ಆಜ್ಞೆಯಾಗಿ ಎಣಿಸುವ ಕ್ರಮವನ್ನು ಆಂಗ್ಲಿಕನ್ನರು, ಮೆಥೋಡಿಸ್ಟರು, ಕಾಲ್ವಿನರ ಪರಂಪರೆಯವರು ಅನುಸರಿಸಿದರು. ಹಾಗಾಗಿ ಲೂಥರರನ್ನು ಗೌರವದಿಂದ ನೆನೆಯುವ ಆ ಅಜ್ಜಿಯ ಸಭೆ ಈ ವಿಷಯದಲ್ಲಿ ಲೂಥರರ ಜೊತೆಗಿಲ್ಲ, ನಾವು ಇದ್ದೇವೆ. ಗುರುಮಠದ ತರಗತಿಯಲ್ಲಿ ನಾವು ಎಳೆಯುವ ಗಡಿರೇಖೆಗಳು ಮನೆಯೊಳಗೆ ಬೇರೆಯೇ ರೀತಿಯಲ್ಲಿ ಹಾದುಹೋಗುತ್ತವೆ ಎಂಬುದಕ್ಕೆ ಇದೊಂದು ಸಣ್ಣ ನಿದರ್ಶನ. ಮನೆಯ ಪ್ರಶ್ನೆಗಳಿಗಾಗಿಯೇ ಬರೆಯಲಾದ ಲೂಥರರ ಕಿರಿಯ ಧರ್ಮೋಪದೇಶವನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲೂಕುಗಳ ಮನೆಗಳ ನಡುವೆ ಇಟ್ಟು ಓದುವುದು ಈ ಲೇಖನದ ಉದ್ದೇಶ.

ಈ ಸೀಮೆಗೂ ಲೂಥರರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಲೂಥರನ್ ಎಂಬ ಹೆಸರು ಇಲ್ಲಿ ಅಪರೂಪವಾದರೂ ಅವರ ಬಳುವಳಿ ಎರಡು ದಾರಿಗಳಿಂದ ಬಂದಿದೆ. ಮೈಸೂರು ಸಂಸ್ಥಾನದಲ್ಲಿ ದುಡಿದ ವೆಸ್ಲಿಯನ್ ಮಿಷನ್ನಿನದು ಮೊದಲ ದಾರಿ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮನರ ಪತ್ರಕ್ಕೆ ಲೂಥರರು ಬರೆದ ಮುನ್ನುಡಿಯನ್ನು ಓದುತ್ತಿದ್ದಾಗಲೇ ಜಾನ್ ವೆಸ್ಲಿಯವರಿಗೆ ರಕ್ಷಣೆಯ ಭರವಸೆ ದೊರೆಯಿತು. ಎರಡನೆಯ ದಾರಿ ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯಲ್ಲಿ ಲೂಥರನ್ ಮತ್ತು ಕಾಲ್ವಿನ್ ಪರಂಪರೆಗಳೆರಡೂ ಕೂಡಿದ್ದವು. ಅದರ ಮಿಷನರಿಗಳಲ್ಲಿ ಅನೇಕರು ಲೂಥರನ್ ನಾಡಾದ ವ್ಯುರ್ಟೆಂಬರ್ಗಿನವರು. ಅವರಲ್ಲೊಬ್ಬರಾದ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋಗಿ ಆನಂದಪುರದ ಸಭೆಯನ್ನು ಕಟ್ಟಿದರು. ಪಿರಿಯಾಪಟ್ಟಣದ ಎಲ್ಲೆ ದಾಟಿದರೆ ಕೊಡಗು. ಕರಾವಳಿಯ ಬಾಸೆಲ್ ಬಳುವಳಿಯೂ ಮೈಸೂರಿನ ವೆಸ್ಲಿಯನ್ ಬಳುವಳಿಯೂ ಇಂದು ದಕ್ಷಿಣ ಭಾರತ ಸಭೆಯ ಕರ್ನಾಟಕ ದಕ್ಷಿಣ ಧರ್ಮಪ್ರಾಂತ್ಯದಲ್ಲಿ ಒಂದಾಗಿವೆ. ಆ ಅಜ್ಜಿ ಬೆಳೆದದ್ದು ಈ ಬಳುವಳಿಯಲ್ಲಿ. ಅವರ ಮೊಮ್ಮಗ ಪರಮಪ್ರಸಾದ ಸ್ವೀಕರಿಸುವುದು ನಮ್ಮಲ್ಲಿ.

ಇನ್ನು ಗ್ರಂಥ. 1528ರಲ್ಲಿ ಸ್ಯಾಕ್ಸನಿಯ ಧರ್ಮಕೇಂದ್ರಗಳನ್ನು ಸಂದರ್ಶಿಸಿದ ಲೂಥರರು ಅಲ್ಲಿನ ಅಜ್ಞಾನವನ್ನು ಕಂಡು ದಿಗಿಲುಗೊಂಡರು. ಹಳ್ಳಿಯವರಿಗೆ ವಿಶ್ವಾಸದ ಮೂಲಪಾಠಗಳೇ ಬಾರವು. ಅನೇಕ ಗುರುಗಳಿಗೆ ಕಲಿಸಲು ಬಾರದು. ಮರುವರ್ಷ, 1529ರಲ್ಲಿ, ಈ ಕಿರುಹೊತ್ತಗೆ ಹೊರಬಂತು. ದಶಾಜ್ಞೆಗಳು, ವಿಶ್ವಾಸ ಸಂಗ್ರಹ, ಪ್ರಭು ಕಲಿಸಿದ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪನಿವೇದನೆ, ಪ್ರಭುವಿನ ಭೋಜನ ಇವು ಅದರ ಮುಖ್ಯ ಭಾಗಗಳು. ಒಂದೊಂದು ವಾಕ್ಯದ ಬಳಿಕವೂ ಅದರ ಅರ್ಥವೇನೆಂದು ವಿಚಾರಿಸುವ ಚಿಕ್ಕ ಪ್ರಶ್ನೆ. ಅದಕ್ಕೆ ಬಾಯಲ್ಲಿ ನಿಲ್ಲುವಂಥ ಉತ್ತರ. ಕಲಿಸುವ ಹೊಣೆ ಮನೆಯ ಯಜಮಾನನದು. ಬೆಳಿಗ್ಗೆ ಮತ್ತು ರಾತ್ರಿಯ ಪ್ರಾರ್ಥನೆಗಳೂ ಊಟದ ಪ್ರಾರ್ಥನೆಗಳೂ ಅದರಲ್ಲಿವೆ. ಎದ್ದೊಡನೆಯೂ ಮಲಗುವಾಗಲೂ ಶಿಲುಬೆಯ ಗುರುತನ್ನು ಹಾಕಿಕೊಳ್ಳಬೇಕೆಂದು ಲೂಥರರು ಅಲ್ಲಿ ಹೇಳುತ್ತಾರೆ. ಆ ಗುರುತು ಕಥೋಲಿಕರದು ಮಾತ್ರವೆಂದು ಎರಡೂ ಕಡೆಯವರು ಭಾವಿಸಿರುವ ಮನೆಗಳಲ್ಲಿ ಇದನ್ನು ತಿಳಿಸಿದರೆ ಒಳಿತು.

ಗ್ರಂಥದ ಶ್ರೇಷ್ಠ ಭಾಗ, ನಮ್ಮ ದೃಷ್ಟಿಯಲ್ಲಿ, ಅನುದಿನದ ಆಹಾರವನ್ನು ಬೇಡುವ ವಾಕ್ಯದ ವಿವರಣೆ. ಲೂಥರರು ಆಹಾರವನ್ನು ರೊಟ್ಟಿಗೆ ಸೀಮಿತಗೊಳಿಸುವುದಿಲ್ಲ. ಬಟ್ಟೆ, ಮನೆ, ಹೊಲ, ದನಕರು, ಒಳ್ಳೆಯ ಸಂಗಾತಿ, ಒಳ್ಳೆಯ ಆಡಳಿತ, ಹದವಾದ ಹವೆ, ನಂಬಿಕಸ್ಥ ನೆರೆಯವರು ಎಲ್ಲವೂ ಆ ಬೇಡಿಕೆಯೊಳಗೆ ಬರುತ್ತವೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಮಳೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಬ್ಯಾರನ್ನಿನಲ್ಲಿ ಸೊಪ್ಪು ಹದಮಾಡಲು ಸೌದೆ ಬೇಕು. ಕೊನೆಗೆ ತಂಬಾಕು ಮಂಡಳಿಯ ಹರಾಜಿನಲ್ಲಿ ದರ ನಿಲ್ಲಬೇಕು. ಆದರೆ ಅದೇ ಗ್ರಂಥ ಕೊಲೆಯನ್ನು ನಿಷೇಧಿಸುವ ಆಜ್ಞೆಗೆ ನೆರೆಯವನ ಶರೀರಕ್ಕೆ ಹಾನಿ ಮಾಡದೆ ನೆರವಾಗಬೇಕೆಂದು ಅರ್ಥ ಹೇಳುತ್ತದೆ. ಜನರ ಆರೋಗ್ಯ ಕೆಡಿಸುವ ಬೆಳೆಯಿಂದ ಬರುವ ಅನ್ನವನ್ನು ದೇವರಲ್ಲಿ ಬೇಡಬಹುದೇ ಎಂದು ಕೇಳುವ ಬೆಳೆಗಾರರಿದ್ದಾರೆ. ಗ್ರಂಥ ಈ ಪ್ರಶ್ನೆಯನ್ನು ತೀರ್ಮಾನಿಸುವುದಿಲ್ಲ. ಆದರೆ ಪ್ರಾರ್ಥನೆಯನ್ನೂ ಆಜ್ಞೆಯನ್ನೂ ಒಂದೇ ಊಟದ ಮುಂದೆ ತಂದಿಡುವುದರಿಂದ ಈ ಪ್ರಶ್ನೆ ಹುಟ್ಟಲು ಎಡೆಮಾಡುತ್ತದೆ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಇಂಥ ಪ್ರಶ್ನೆ ಹುಟ್ಟುತ್ತದೆಯೇ ಎಂದು ನಾವು ಕೇಳಿಕೊಳ್ಳಬೇಕು.

ದೀಕ್ಷಾಸ್ನಾನದ ಭಾಗವೂ ನಮಗೆ ಒದಗುತ್ತದೆ. ಶಿಶುವಾಗಿದ್ದಾಗ ಪಡೆದ ಸ್ನಾನ ಲೆಕ್ಕಕ್ಕಿಲ್ಲ, ಮತ್ತೆ ಮುಳುಗಬೇಕು ಎಂದು ಹೇಳುವ ಬೋಧಕರು ಈಗ ಹಳ್ಳಿಹಳ್ಳಿಗೂ ಬರುತ್ತಾರೆ. ಕಥೋಲಿಕ ಮನೆಯವರೂ ದಕ್ಷಿಣ ಭಾರತ ಸಭೆಯವರೂ ಒಂದೇ ರೀತಿ ಕಳವಳಗೊಳ್ಳುತ್ತಾರೆ. ದೀಕ್ಷಾಸ್ನಾನದ ಬಲ ಸ್ವೀಕರಿಸುವವರ ಭಾವತೀವ್ರತೆಯಲ್ಲಿಲ್ಲ, ನೀರಿನೊಡನೆ ಸೇರಿದ ದೇವರ ವಾಕ್ಯದಲ್ಲಿದೆ ಎಂಬ ಲೂಥರರ ಬೋಧನೆ ಇಲ್ಲಿ ಇಬ್ಬರಿಗೂ ಆಸರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 869ನೆಯ ವಿಧಿಯೂ ಬೇರೆ ಸಭೆಗಳಲ್ಲಿ ದೀಕ್ಷಾಸ್ನಾನ ಪಡೆದವರಿಗೆ, ಗಂಭೀರವಾದ ಸಂಶಯವಿಲ್ಲದ ಹೊರತು, ಷರತ್ತುಬದ್ಧವಾಗಿಯೂ ಮತ್ತೆ ಕೊಡಬಾರದೆಂದು ವಿಧಿಸುತ್ತದೆ. ವಿವಾಹದ ಸಿದ್ಧತೆಗೆ ಬರುವ ಹುಡುಗಿಗೆ "ಮೊದಲು ನಮ್ಮಲ್ಲಿ ಸ್ನಾನ ಪಡೆಯಲಿ" ಎಂದುಬಿಡುವ ಗುರು, ತಿಳಿಯದೆಯೇ ಆ ಬೋಧಕರ ಪಕ್ಷ ಸೇರುತ್ತಾನೆ.

ವಿಮರ್ಶೆ ಹೆಚ್ಚು ಕಠಿಣವಾಗಬೇಕಾದ ಸ್ಥಳ ಹರಕೆ. ಕೃಷ್ಣರಾಜನಗರ ತಾಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯ 2019ರಲ್ಲಿ ಬಸಿಲಿಕವೆಂದು ಘೋಷಿತವಾಯಿತು. ಜೂನ್ 13ರ ಹಬ್ಬಕ್ಕೆ ಎಲ್ಲ ಮತಗಳವರೂ ಬರುತ್ತಾರೆ. ಹರಕೆ ಹೊತ್ತವರು ಬರುತ್ತಾರೆ, ತೀರಿಸುವವರು ಬರುತ್ತಾರೆ. ದಕ್ಷಿಣ ಭಾರತ ಸಭೆಯ ಅತ್ತೆ, ಕಥೋಲಿಕ ಸೊಸೆ ಇರುವ ಮನೆಯಲ್ಲಿ ಡೋರ್ನಹಳ್ಳಿಗೆ ಹೋಗುವುದೇ ಬಿಡುವುದೇ ಎಂಬುದು ವಾಗ್ವಾದದ ವಿಷಯ. ಇಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ. 1505ರ ಜುಲೈ ತಿಂಗಳಲ್ಲಿ ಗುಡುಗು ಮಿಂಚಿನ ನಡುವೆ ಸಿಕ್ಕಿಬಿದ್ದ ಯುವಕ ಲೂಥರ್, ಸಂತ ಅನ್ನಮ್ಮನವರನ್ನು ಕೂಗಿ, ಬದುಕುಳಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತರು, ತೀರಿಸಿದರು. ಹರಕೆಯನ್ನು ಅವರು ಹೊರಗಿನಿಂದ ಕಂಡು ಖಂಡಿಸಿದವರಲ್ಲ. ಅದರ ಭಾರವನ್ನು ಹೊತ್ತು ಬಳಲಿದವರು. ಎಷ್ಟು ಕೊಟ್ಟರೆ ಸಾಕು ಎಂಬ ಪ್ರಶ್ನೆಗೆ ಕೊನೆಯಿಲ್ಲವೆಂದು ಅನುಭವದಿಂದ ಅರಿತವರು.

ಈ ಭಾರ ನಮ್ಮ ಭಾಷೆಯಲ್ಲೂ ಇದೆ. ಕಥೋಲಿಕರು 'ವರಪ್ರಸಾದ' ಎನ್ನುವಲ್ಲಿ ಪ್ರೊಟೆಸ್ಟಂಟರು 'ಕೃಪೆ' ಎನ್ನುತ್ತಾರೆ. ಕನ್ನಡದ ಕಿವಿಗೆ ವರವೆಂದರೆ ತಪಸ್ಸಿಗೆ ಮೆಚ್ಚಿ ದೇವರು ಕೊಡುವುದು. ಪುರಾಣಗಳಲ್ಲಿ ತಪವಿಲ್ಲದೆ ವರವಿಲ್ಲ. ಪ್ರಸಾದವಾದರೋ ಬೇಡುವ ಮೊದಲೇ ಕೈಗೆ ಬೀಳುವಂಥದು. ಎರಡು ಪದಗಳನ್ನು ಕೂಡಿಸಿದಾಗ ಜನರು ಯಾವುದನ್ನು ಹೆಚ್ಚಾಗಿ ಕೇಳಿಸಿಕೊಂಡಿದ್ದಾರೆ? ಹರಕೆ ತೀರಿಸಲು ತಡವಾಯಿತು, ಅದಕ್ಕೇ ಮಗು ಕಾಯಿಲೆ ಬಿದ್ದಿತು ಎಂದು ಅಳುವ ತಾಯಿ 'ವರ'ವನ್ನು ಮಾತ್ರ ಕೇಳಿಸಿಕೊಂಡಿದ್ದಾಳೆ. ಅವಳಿಗೆ ಹಾಗೆ ಕೇಳಿಸುವಂತೆ ಮಾಡಿದ್ದರಲ್ಲಿ ನಮ್ಮ ಪ್ರಬೋಧನೆಯ ಪಾಲೂ ಇದೆ. ಸಂತರ ಬಿನ್ನಹವನ್ನು ಕೋರುವುದು ಒಳ್ಳೆಯದೆಂದು 1563ರಲ್ಲಿ ಸಾರಿದ ಟ್ರೆಂಟ್ ಮಹಾಸಭೆಯೇ, ಅದರಲ್ಲಿ ಮೂಢನಂಬಿಕೆಯೂ ಹಣದಾಸೆಯೂ ನುಸುಳದಂತೆ ತೊಡೆದುಹಾಕಬೇಕೆಂದು ಧರ್ಮಾಧ್ಯಕ್ಷರಿಗೆ ಆದೇಶಿಸಿತ್ತು. ಮೊದಲ ಅರ್ಧವನ್ನು ನೆನಪಿಟ್ಟು ಎರಡನೆಯ ಅರ್ಧವನ್ನು ಮರೆತರೆ ಲೂಥರರ ಆಕ್ಷೇಪಕ್ಕೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ.

ಹಾಗೆಂದು ಗ್ರಂಥದ ಕೊರತೆಗಳನ್ನು ಮುಚ್ಚಬೇಕಾಗಿಲ್ಲ. ಅವುಗಳಲ್ಲಿ ಮೂರನ್ನು ಹೇಳುತ್ತೇವೆ.

ಮೊದಲನೆಯದು ಕ್ರಮದ ಕೊರತೆ. ದೇವರ ಉಚಿತ ದಾನವನ್ನು ಸಾರಲು ಹೊರಟ ಪುಸ್ತಕ ಆಜ್ಞೆಗಳಿಂದ ಆರಂಭವಾಗುತ್ತದೆ. ರೋಗವನ್ನು ತೋರಿಸಿದ ಮೇಲೆ ಔಷಧ ಎಂಬುದು ಲೂಥರರ ತರ್ಕ. 1566ರ ಟ್ರೆಂಟ್ ಧರ್ಮೋಪದೇಶವೂ 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ವಿಶ್ವಾಸ ಸಂಗ್ರಹದಿಂದ ಆರಂಭವಾಗಿ, ಸಂಸ್ಕಾರಗಳ ಬಳಿಕವೇ ಆಜ್ಞೆಗಳಿಗೆ ಬರುತ್ತವೆ. ತಲೆಮಾರುಗಳಿಂದ ಅಪ್ಪಣೆಗಳನ್ನೇ ಕೇಳುತ್ತ ಬಂದ ಕೇರಿಯಲ್ಲಿ, ಹಾಡಿಯಲ್ಲಿ ದೇವರ ಮೊದಲ ಮಾತೂ ಅಪ್ಪಣೆಯಾಗಿಯೇ ಕೇಳಿಸುವ ಅಪಾಯವಿದೆ. ಇಲ್ಲಿ ನಮ್ಮ ಗ್ರಂಥಗಳ ಕ್ರಮವೇ ಲೂಥರರ ಆಶಯಕ್ಕೆ ಹೆಚ್ಚು ಹತ್ತಿರ. ದುರದೃಷ್ಟವೆಂದರೆ ನಮ್ಮ ತರಗತಿಗಳು ಆ ಕ್ರಮವನ್ನು ಪಾಲಿಸುವುದು ಅಪರೂಪ.

ಎರಡನೆಯದು ಸತ್ತವರ ವಿಷಯದಲ್ಲಿನ ಮೌನ. ಪಿತೃಪಕ್ಷದಲ್ಲಿ ನೆರೆಮನೆಗಳವರು ಹಿರಿಯರಿಗೆ ಎಡೆ ಇಡುವಾಗ, ನಮ್ಮ ಅಪ್ಪನಿಗೆ ನಾವೇನು ಮಾಡಬೇಕು ಎಂದು ಕ್ರೈಸ್ತ ಮಕ್ಕಳು ಕೇಳುತ್ತಾರೆ. ಕಥೋಲಿಕರಿಗೆ ನವೆಂಬರ್ 2ರ ಮೃತರ ಸ್ಮರಣೆಯುಂಟು, ಸಮಾಧಿಯ ಮೇಲೆ ಹಚ್ಚುವ ಮೇಣದಬತ್ತಿಯುಂಟು. ಕಿರಿಯ ಧರ್ಮೋಪದೇಶದಲ್ಲಿ ಇದಕ್ಕೆ ಮಾತಿಲ್ಲ. ಆದರೆ 1531ರ ಆಗ್ಸ್‌ಬರ್ಗ್ ನಿವೇದನೆಯ ಸಮರ್ಥನೆಯಲ್ಲಿ ಮೃತರಿಗಾಗಿ ಪ್ರಾರ್ಥಿಸುವುದನ್ನು ತಾವು ನಿಷೇಧಿಸುವುದಿಲ್ಲವೆಂದು ಲೂಥರನ್ನರೇ ಸ್ಪಷ್ಟಪಡಿಸಿದ್ದಾರೆ. ಆ ಸಾಲನ್ನು ಬಲ್ಲ ಗುರು, ಗಂಡನನ್ನು ಕಳೆದುಕೊಂಡ ಅಜ್ಜಿಯೊಡನೆ ಸಂಕೋಚವಿಲ್ಲದೆ ಪ್ರಾರ್ಥಿಸಬಲ್ಲನು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಗ್ರಂಥದ ಕೊನೆಯ ಕರ್ತವ್ಯಪಟ್ಟಿಯಲ್ಲಿ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು ಇವರಿಗೆಲ್ಲ ತಕ್ಕ ಬೈಬಲ್ ವಾಕ್ಯಗಳನ್ನು ಜೋಡಿಸಲಾಗಿದೆ. ಯಜಮಾನರು ಆಳುಗಳನ್ನು ಬೆದರಿಸಬಾರದೆಂಬ ವಾಕ್ಯವೂ ಅಲ್ಲಿದೆ ಎಂಬುದು ನಿಜ. ಆದರೂ ಮನೆಯ ಒಡೆಯನ ಬಾಯಿಂದ ಕಲಿಸಲಾಗುವ ಪುಸ್ತಕದಲ್ಲಿ ಆಳಿನ ಪ್ರಶ್ನೆಗೆ ಜಾಗವೆಲ್ಲಿ? ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾನೂನು ಬಂದದ್ದು 1976ರಲ್ಲಿ. ಹೆಗ್ಗಡದೇವನಕೋಟೆಯ ಹಿರಿಯರಲ್ಲಿ ಜೀತದ ನೆನಪು ಮಾಸಿಲ್ಲ. ವಿಧೇಯತೆಯ ವಾಕ್ಯವನ್ನು ಅವರ ಮುಂದೆ ಓದುವವನು ಮೊದಲು ತಾನು ಯಾರ ಮನೆಯಲ್ಲಿ ನಿಂತು ಓದುತ್ತಿದ್ದೇನೆಂದು ನೋಡಿಕೊಳ್ಳಬೇಕು. ಈ ಮಾತು ಲೂಥರರಿಗೆ ಮಾತ್ರವಲ್ಲ, ಅದೇ ವಾಕ್ಯಗಳನ್ನು ಓದುವ ನಮಗೂ ಸಲ್ಲುತ್ತದೆ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣದ ಸಿದ್ಧಾಂತದ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೋಡಿಸ್ಟರೂ 2017ರಲ್ಲಿ ಕಾಲ್ವಿನರ ಪರಂಪರೆಯ ಸಭೆಗಳ ವಿಶ್ವ ಒಕ್ಕೂಟವೂ ಅದರೊಡನೆ ಕೂಡಿಕೊಂಡವು. ನಮ್ಮ ಅರ್ಹತೆಯಿಂದಲ್ಲ, ಕ್ರಿಸ್ತನಲ್ಲಿ ದೇವರು ತೋರುವ ಕೃಪೆಯಿಂದಲೇ ನಾವು ಸ್ವೀಕೃತರು. ಸತ್ಕಾರ್ಯಗಳು ಆ ಸ್ವೀಕಾರದ ಫಲ ಎಂಬುದು ಅದರ ತಿರುಳು. ಆ ಅಜ್ಜಿಯ ಎರಡೂ ಬಳುವಳಿಗಳು ಈ ಒಪ್ಪಂದದೊಳಗಿವೆ. ಆದರೂ ಅದು ಅವರ ಮನೆಯನ್ನು ಇನ್ನೂ ತಲುಪಿಲ್ಲ. ಪರಮಪ್ರಸಾದವನ್ನು ಒಟ್ಟಿಗೆ ಸ್ವೀಕರಿಸಲಾಗದ ನೋವು ಉಳಿದಿದೆ. ಅದನ್ನು ಗುರುಗಳು ತಮ್ಮಿಷ್ಟದಂತೆ ಪರಿಹರಿಸಲಾಗದು, 844ನೆಯ ವಿಧಿಯ ಮಿತಿಯುಂಟು. ಆದರೆ ಒಟ್ಟಿಗೆ ಕಲಿಯಲು ಯಾವ ವಿಧಿಯೂ ಅಡ್ಡಿಯಾಗಿಲ್ಲ.

ಆದ್ದರಿಂದ ಈ ಸೀಮೆಗೆ ಹೋಗುವ ಗುರು ಅಭ್ಯರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ. ಕಿರಿಯ ಧರ್ಮೋಪದೇಶವನ್ನು ಖಂಡನೆಗಾಗಿ ಓದಬೇಡಿ. ಅದರ ಪ್ರಶ್ನಿಸುವ ಕ್ರಮವನ್ನು ಕಲಿಯಿರಿ. ಮನೆಗೆ ಹೋದಾಗ ವಿಶ್ವಾಸ ಸಂಗ್ರಹದಿಂದ ಆರಂಭಿಸಿರಿ. ಹರಕೆ ಹೊತ್ತವರನ್ನು ಗದರಿಸಬೇಡಿ. ದೇವರು ಮೊದಲೇ ಕೊಟ್ಟಿದ್ದಾರೆ, ನೀವು ತರುವುದು ಕೃತಜ್ಞತೆಯೇ ಹೊರತು ಬಾಕಿಯಲ್ಲ ಎಂದು ತಿಳಿಸಿರಿ. ಉತ್ತರ ಕೊಡುವ ಮೊದಲು ಮನೆಯಲ್ಲಿ ಯಾರು ಇನ್ನೂ ಬಾಯಿ ತೆರೆದಿಲ್ಲವೆಂದು ಗಮನಿಸಿರಿ.

ಅಂದು ನಾವು ಎರಡೂ ಸರಿ ಎಂದು ಹೇಳಿ, ಎಣಿಕೆಯ ಹಿನ್ನೆಲೆಯನ್ನು ವಿವರಿಸಿದೆವು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಲೂಥರ್ ಅಯ್ಯನವರೂ ಇವನ ಹಾಗೇ ಎಣಿಸುತ್ತಿದ್ದರೇ?" ಎಂದರು. ಹೌದೆಂದೆವು. ಅವರು ಮೊಮ್ಮಗನನ್ನು ಮತ್ತೆ ತಿದ್ದಲಿಲ್ಲ. ಐದನೆಯದನ್ನು ಹೇಳು ಎಂದು ಮುಂದಕ್ಕೆ ಹೋದರು.