ಉಮಾಶ್ರೀ ಅಭಿನಯ: ರಸಿಕರಿಗೊಂದು ಕೈಪಿಡಿ

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಅವರ ಅಭಿನಯದ ಬೇರು ಹವ್ಯಾಸಿ ರಂಗಭೂಮಿಯಲ್ಲಿದೆ. ಆದರೆ 1984ರ ಕಾಶೀನಾಥ್ ಚಿತ್ರ ‘ಅನುಭವ’ದ ನಂತರ ಗಾಂಧಿನಗರದ ಚಿತ್ರರಂಗ ಅವರನ್ನು ಹಾಸ್ಯದ ಪಾತ್ರಗಳಿಗೇ ಕಟ್ಟಿಹಾಕಿತು. ಎನ್.ಎಸ್. ರಾವ್ ಅವರೊಂದಿಗಿನ ಜೋಡಿ, ದ್ವಂದ್ವಾರ್ಥದ ಮಾತು, ಅದಕ್ಕೆ ಬೀಳುವ ಶಿಳ್ಳೆ. ಉಮಾಶ್ರೀ ಎಂದೊಡನೆ ಇಷ್ಟನ್ನೇ ನೆನೆದು ನಗುವವರು ಕಂಡದ್ದು ನಟಿಯ ಕಾಲುಭಾಗವನ್ನು ಮಾತ್ರ.

ಈ ಅಭಿನಯವನ್ನು ಅರಿಯಲು ಮೊದಲು ಗಮನಿಸಬೇಕಾದದ್ದು ದನಿ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ.ಕೆ. ರಂಗಕ್ಕೆ ತಂದಾಗ ಮುದುಕಿ ಸಾಕವ್ವನ ಪಾತ್ರ ಉಮಾಶ್ರೀ ಪಾಲಿಗೆ ಬಂತು. ಅವರಿಗಾಗ ಮುಪ್ಪು ಬಹಳ ದೂರವಿತ್ತು. ಬೆನ್ನು ಬಾಗಿಸಿ ಕೋಲು ಹಿಡಿದರೆ ಮುದುಕಿಯಾಯಿತು ಎಂದುಕೊಳ್ಳುವ ನಟಿಯರಿಗೆ ಕೊರತೆಯಿಲ್ಲ. ಇಲ್ಲಿ ಮುಪ್ಪು ಉಸಿರಿನಲ್ಲಿತ್ತು. ಕಳೆದುಹೋದ ಹುಂಜವನ್ನು ಹುಡುಕುತ್ತಾ ಸಾಕವ್ವ ಕೇರಿಯನ್ನೆಲ್ಲ ಬೈಯುತ್ತಾಳೆ. ಬೈಗುಳ ಏರಿದಂತೆ ಪ್ರೇಕ್ಷಕರು ನಗುತ್ತಾರೆ. ಅದೇ ಉಸಿರಿನ ತುದಿಯಲ್ಲಿ ದನಿ ಕುಸಿದು, ಮನೆಯ ಹಸಿವು ಕೇಳಿಸುತ್ತದೆ. ನಗು ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಿಸದವರು ನಾಟಕವನ್ನು ಅರ್ಧ ಕೇಳಿದಂತೆ. ಈ ಲೇಖಕನ ಕಿವಿ ತೆರೆಸಿದ್ದೂ ‘ಒಡಲಾಳ’ವೇ. ಅಭಿನಯವೆಂದರೆ ಮುಖಭಾವ ಎಂಬ ಹಳೆಯ ನಂಬಿಕೆ ಅಲ್ಲಿಗೆ ಮುಗಿಯಿತು. ಹಾಸ್ಯಪಾತ್ರಗಳಲ್ಲೂ ಇದೇ ಉಸಿರಿನ ಲೆಕ್ಕಾಚಾರ ಕೆಲಸ ಮಾಡುತ್ತದೆ. ಮಾತು ಎಷ್ಟೇ ಅಗ್ಗವಿರಲಿ, ಅದು ಬೀಳುವ ಕ್ಷಣ ತಪ್ಪುವುದಿಲ್ಲ.

ದನಿಯನ್ನು ಪೂರ್ತಿ ತಗ್ಗಿಸಿ ನಟಿಸಿದ ಚಿತ್ರ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆ ಇದಕ್ಕೆ ಮೂಲ, ಆದರೆ ಚಿತ್ರ ಅದರಿಂದ ಬಹಳ ದೂರ ಸಾಗುತ್ತದೆ. ಗಂಡ ಬಿಟ್ಟುಹೋದ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಟಿವಿ ಸಿಗುತ್ತದೆ. ಕೇರಿಯ ಹೆಂಗಸರು ಅವಳ ಗುಡಿಸಲಿಗೆ ಬರುತ್ತಾರೆ, ಕೆಲವರು ಒಳಗೆ ಕಾಲಿಡದೆ ಹೊರಗೇ ನಿಂತು ನೋಡುತ್ತಾರೆ. ಕಾರ್ಗಿಲ್ ಕಾಲದ ಕರಾವಳಿಯಲ್ಲಿ, ಮೀನುಗಾರಿಕೆಯ ಪೈಪೋಟಿ ಕೋಮುದ್ವೇಷಕ್ಕೆ ತಿರುಗಿದಾಗ ಅವಳನ್ನೇ ಊರು ಬಿಡಿಸುತ್ತಾರೆ. ಇಲ್ಲಿ ನೋಡಬೇಕಾದದ್ದು ಟಿವಿ ಮುಂದೆ ಕುಳಿತ ಗುಲಾಬಿಯನ್ನು. ಏನೂ ಮಾಡದೆ, ಬರೀ ನೋಡುವವಳಾಗಿ ಕೂರುವುದು ನಟರಿಗೆ ಅತ್ಯಂತ ಕಷ್ಟದ ಕೆಲಸ. ದೊಡ್ಡ ದನಿಯ ಹಾಸ್ಯನಟಿ ಎಂದು ಹೆಸರಾದವರು ಅದನ್ನು ಸಲೀಸಾಗಿ ಮಾಡಿದ್ದಾರೆ. ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ.

ರಾಜಕೀಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 2013ರಲ್ಲಿ ತೇರದಾಳದಿಂದ ಗೆದ್ದು, ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾಗಿದ್ದರು. ಕಿರುತೆರೆಯ ‘ಪುಟ್ಟಕ್ಕನ ಮಕ್ಕಳು’ ಮನೆಮಾತಾಗಿದೆ. ಅದರ ಕಣ್ಣೀರಿಗೆ ರಸಿಕತೆ ಬೇಕಾಗಿಲ್ಲ. ರಂಗವನ್ನು ಮಾತ್ರ ಅವರು ಬಿಟ್ಟಿಲ್ಲ. ‘ಶರ್ಮಿಷ್ಠೆ’ಯಲ್ಲಿ ಒಬ್ಬರೇ ಇಡೀ ನಾಟಕವನ್ನು ಹೊರುತ್ತಾರೆ.

ಹೊಸಬರು ‘ಗುಲಾಬಿ ಟಾಕೀಸ್’ನಿಂದ ಆರಂಭಿಸಲಿ, ಹಾಸ್ಯದ ತುಣುಕುಗಳನ್ನು ಆಮೇಲೆ ನೋಡಲಿ. ‘ಶರ್ಮಿಷ್ಠೆ’ ತಮ್ಮ ಊರಿಗೆ ಬಂದರೆ ಮುಂದಿನ ಸಾಲಿನಲ್ಲಿ ಕೂತು, ಮೊಬೈಲನ್ನು ಜೇಬಿನಲ್ಲೇ ಬಿಟ್ಟು ಕೇಳಲಿ.